ಊರ ದುಡ್ಡು ಬಿದ್ದ ಜಾಗ: ಈಸೂರಿನ ಸೀಮೆಯ ಮೇಲೊಂದು ನಕ್ಷೆ

ಇಸ್ರೋದ ‘ಭುವನ್’ ನಕ್ಷೆಯನ್ನು ಒಮ್ಮೆ ತೆರೆದು ನೋಡಿ. ಇಡೀ ಭಾರತದ ಉಪಗ್ರಹ ಚಿತ್ರ ಕಣ್ಣೆದುರು ಹರಡಿಕೊಳ್ಳುತ್ತದೆ. ಹಾಗೇ ಬೆರಳಾಡಿಸುತ್ತ ಕರ್ನಾಟಕಕ್ಕೆ ಇಳಿಯಿರಿ, ಶಿವಮೊಗ್ಗ ಜಿಲ್ಲೆಗೆ ಬನ್ನಿ, ಶಿಕಾರಿಪುರ ತಾಲ್ಲೂಕನ್ನು ಹಿಡಿಯಿರಿ. ಉತ್ತರ ಅಕ್ಷಾಂಶ 14.27, ಪೂರ್ವ ರೇಖಾಂಶ 75.35ರ ಆಸುಪಾಸು. ಅಂಜನಾಪುರ ಜಲಾಶಯದ ನೀರು ಕಾಣುತ್ತದೆ, ಕುಮುದ್ವತಿಯ ತಿರುವುಗಳು ಕಾಣುತ್ತವೆ, ಎಣಿಸಲಾರದಷ್ಟು ಕೆರೆಗಳು, ಗದ್ದೆಯ ಬಯಲು, ಅಡಿಕೆ ತೋಟದ ದಟ್ಟ ಹಸಿರು. ಇನ್ನೊಂದಿಷ್ಟು ಇಳಿದರೆ ಈಸೂರು. ಈಗ ಉದ್ಯೋಗ ಖಾತ್ರಿ ಕಾಮಗಾರಿಗಳ ಪದರವನ್ನು ಆ ಚಿತ್ರದ ಮೇಲೆ ತನ್ನಿ. ಅಬ್ಬಾ! ನೆಲದ ತುಂಬ ಬಿಂದುಗಳು!

ಒಂದೊಂದು ಬಿಂದುವೂ ಒಂದು ಕಾಮಗಾರಿ. ಒಂದೊಂದರ ಹಿಂದೆಯೂ ಖಜಾನೆಯಿಂದ ಹೊರಟ ಹಣವಿದೆ. ಆ ಹಣ ಯಾವ ಹೊಲದ ಯಾವ ಮೂಲೆಗೆ ಹೋಗಿ ನಿಂತಿತು ಅನ್ನುವುದು ಇಲ್ಲಿ ಬಯಲಿಗೆ ಬಿದ್ದಿದೆ. ಇದನ್ನು ನೋಡಲು ಮಾಹಿತಿ ಹಕ್ಕಿನ ಅರ್ಜಿ ಬರೆಯಬೇಕಿಲ್ಲ, ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್ ಬೇಕಿಲ್ಲ, ಯಾರ ಮೇಜಿನ ಮುಂದೆಯೂ ಕೈಕಟ್ಟಿ ನಿಲ್ಲಬೇಕಿಲ್ಲ.

ಒಂದು ಬಿಂದುವನ್ನು ಒತ್ತಿ. ಪುಟ್ಟ ಚೌಕವೊಂದು ತೆರೆದುಕೊಳ್ಳುತ್ತದೆ. ಕಾಮಗಾರಿಯ ಸಂಕೇತ ಸಂಖ್ಯೆ, ಅದರ ಹೆಸರು, ಕೆಲಸ ಶುರುವಾದ ದಿನ, ಕೂಲಿಗೆ ಹೋದದ್ದೆಷ್ಟು, ಸಾಮಗ್ರಿಗೆ ಹೋದದ್ದೆಷ್ಟು, ಜೊತೆಗೆ ಫೋಟೊ. ಕೃಷಿಹೊಂಡವಿರಬಹುದು, ಬದುವಿರಬಹುದು, ಯಾರದೋ ಹಿತ್ತಲಿನ ದನದ ಕೊಟ್ಟಿಗೆಯಿರಬಹುದು. ಫೋಟೊದ ಕೆಳಗೆ ಅಕ್ಷಾಂಶ, ರೇಖಾಂಶಗಳ ಉದ್ದನೆಯ ಅಂಕಿಗಳು. ಆ ಅಂಕಿಗಳಲ್ಲೇ ಇರುವುದು ಸೋಜಿಗ. ದಶಾಂಶ ಚಿಹ್ನೆಯ ನಂತರ ಎರಡೇ ಅಂಕಿ ಇದ್ದರೆ ಅದು ಒಂದು ಕಿಲೋಮೀಟರಿನಷ್ಟು ಅಗಲದ ಜಾಗವನ್ನು ತೋರಿಸುತ್ತದೆ, ಅಂದರೆ ಹೆಚ್ಚುಕಡಿಮೆ ಒಂದು ಊರು. ಐದು ಅಂಕಿ ಬರೆದರೆ ಸುಮಾರು ಒಂದು ಮೀಟರ್ ಜಾಗ! ಕೈಯಲ್ಲಿರುವ ಮೊಬೈಲು ಅಷ್ಟು ಕರಾರುವಾಕ್ಕಾಗಿ ಹಿಡಿಯಲಾರದು, ನಾಲ್ಕಾರು ಮೀಟರ್ ಆಚೀಚೆ ಆಗುತ್ತದೆ. ಆದರೂ ಯೋಚಿಸಿ. ದೆಹಲಿಯಿಂದ ಹೊರಟ ಹಣ ಭೂಮಿಯ ಮೇಲೆ ಬಿದ್ದ ಜಾಗವನ್ನು ಒಂದು ಮನೆಯ ಅಂಗಳದಷ್ಟು ಹತ್ತಿರಕ್ಕೆ ಗುರುತಿಸಿ, ಲೋಕಕ್ಕೆಲ್ಲ ಕಾಣುವಂತೆ ಇಟ್ಟಿದ್ದಾರೆ.

ಇದು ನಡೆದ ಬಗೆಯನ್ನು ತಿಳಿದಷ್ಟೂ ಬೆರಗು ಹೆಚ್ಚುತ್ತದೆ. 2016ರ ಜೂನ್‌ನಲ್ಲಿ ಕೇಂದ್ರ ಗ್ರಾಮೀಣಾಭಿವೃದ್ಧಿ ಸಚಿವಾಲಯವೂ ಹೈದರಾಬಾದಿನಲ್ಲಿರುವ ಇಸ್ರೋದ ರಾಷ್ಟ್ರೀಯ ದೂರಸಂವೇದಿ ಕೇಂದ್ರವೂ ಒಪ್ಪಂದ ಮಾಡಿಕೊಂಡವು. ಮೊದಲ ಹಂತದಲ್ಲಿ ಆಗಲೇ ಮುಗಿದಿದ್ದ ಕೆಲಸಗಳನ್ನು ಒಂದೊಂದಾಗಿ ಹುಡುಕಿ ಗುರುತು ಹಾಕಲಾಯಿತು. ದೇಶದುದ್ದಕ್ಕೂ ಕೋಟಿಗಟ್ಟಲೆ ಆಸ್ತಿಗಳು! ಉಪಗ್ರಹ ಎಷ್ಟು ಮೇಲಿದ್ದರೇನು, ಈ ಕೆಲಸ ಆದದ್ದು ಕಾಲ್ನಡಿಗೆಯಲ್ಲೇ. ಗ್ರಾಮ ಪಂಚಾಯಿತಿಯ ಸಿಬ್ಬಂದಿ, ತಾಂತ್ರಿಕ ಸಹಾಯಕರು, ಬೇರ್‌ಫುಟ್ ಟೆಕ್ನೀಷಿಯನ್‌ಗಳು (ಬಿಎಫ್‌ಟಿ) ಮೊಬೈಲು ಹಿಡಿದು ಕೆಸರುಗದ್ದೆಯ ಬದುವಿನ ಮೇಲೆ, ಮುಳ್ಳುಬೇಲಿ ದಾಟಿ, ಚೆಕ್‌ಡ್ಯಾಮಿನ ನೆತ್ತಿಯ ಮೇಲೆ ನಿಂತು ಫೋಟೊ ತೆಗೆದರು. ಅವರ ಹೆಸರು ಯಾವ ನಕ್ಷೆಯಲ್ಲೂ ಇಲ್ಲ. ಇರಬೇಕಿತ್ತು ಅಂತ ನನಗನ್ನಿಸುತ್ತದೆ.

2017ರ ನವೆಂಬರ್ 1ರಿಂದ ಇನ್ನೂ ಒಳ್ಳೆಯ ಬದಲಾವಣೆ ಬಂತು. ಒಂದೇ ಕಾಮಗಾರಿಗೆ ಮೂರು ಸಲ ಫೋಟೊ: ಕೆಲಸ ಶುರುವಾಗುವ ಮುಂಚೆ, ನಡೆಯುತ್ತಿರುವಾಗ, ಮುಗಿದ ಮೇಲೆ. ಈ ಮೂರರಲ್ಲಿ ಮೊದಲನೆಯದೇ ಮುಖ್ಯ ಅನ್ನುವುದು ನನ್ನ ಅಭಿಪ್ರಾಯ. ಅದು ಏನೂ ಇಲ್ಲದ ಜಾಗದ ಫೋಟೊ. ಬರೀ ಮಣ್ಣು, ನಾಲ್ಕು ಕಸಕಡ್ಡಿ, ಪಕ್ಕದಲ್ಲೊಂದು ಮರ. ಆದರೆ ಆ ಖಾಲಿ ನೆಲದ ಚಿತ್ರ ದಾಖಲಾಗಿಬಿಟ್ಟರೆ, ಹಿಂದೆ ಯಾರೋ ತೋಡಿದ ಹೊಂಡವನ್ನು ತೋರಿಸಿ ಇದೇ ಹೊಸ ಹೊಂಡ ಎಂದು ಬಿಲ್ ಎತ್ತುವುದು ಕಷ್ಟವಾಗುತ್ತದೆ. ಏನೂ ಇರಲಿಲ್ಲ ಅನ್ನುವುದಕ್ಕೂ ಸಾಕ್ಷಿ ಇಟ್ಟ ಲೆಕ್ಕ ಇದು!

ಈ ಬಿಂದುಗಳನ್ನು ಬೇರೆ ಊರಿನ ಮೇಲೆ ನೋಡುವುದಕ್ಕೂ ಈಸೂರಿನ ಮೇಲೆ ನೋಡುವುದಕ್ಕೂ ವ್ಯತ್ಯಾಸವಿದೆ. ‘ಏಸೂರು ಕೊಟ್ಟರೂ ಈಸೂರು ಕೊಡೆವು’ ಅನ್ನುವ ಘೋಷಣೆ ಕೇಳದ ಕನ್ನಡಿಗರಿಲ್ಲ. 1942ರ ಸೆಪ್ಟೆಂಬರ್‌ನಲ್ಲಿ ಈ ಹಳ್ಳಿ ತಾನು ಸ್ವತಂತ್ರ ಎಂದು ಸಾರಿತು. ವೀರಭದ್ರೇಶ್ವರ ಗುಡಿಯ ಮೇಲೆ ಧ್ವಜ ಏರಿತು. ಊರಿನ ಎಳೆಯ ಹುಡುಗರಿಬ್ಬರು ಅಮಲ್ದಾರ, ಸಬ್ ಇನ್‌ಸ್ಪೆಕ್ಟರ್ ಆದರು. ಈ ಕಥೆಯಲ್ಲಿ ಎಲ್ಲರೂ ಬಾವುಟವನ್ನು ನೆನೆಯುತ್ತಾರೆ, ಬಲಿದಾನವನ್ನು ನೆನೆಯುತ್ತಾರೆ. ನೆನೆಯಲೇಬೇಕು. ಸೆಪ್ಟೆಂಬರ್ 28ರ ಘರ್ಷಣೆಯಲ್ಲಿ ಸರ್ಕಾರದ ಅಮಲ್ದಾರ ಮತ್ತು ಸಬ್ ಇನ್‌ಸ್ಪೆಕ್ಟರ್ ಸತ್ತರು. ಆಮೇಲೆ ಊರಿನ ಮೇಲೆ ಎರಗಿದ ದಬ್ಬಾಳಿಕೆ ಭಯಂಕರವಾದದ್ದು. 1943ರ ಮಾರ್ಚ್‌ನಲ್ಲಿ ಗುರಪ್ಪ, ಮಲ್ಲಪ್ಪ, ಸೂರ್ಯನಾರಾಯಣಾಚಾರ್, ಹಾಲಪ್ಪ, ಶಂಕರಪ್ಪ, ಈ ಐವರನ್ನು ಬೆಂಗಳೂರಿನ ಜೈಲಿನಲ್ಲಿ ಗಲ್ಲಿಗೇರಿಸಿದರು.

ಆದರೆ ಆ ಘರ್ಷಣೆಗೂ ಮುಂಚೆ ಒಂದು ಘಟನೆ ನಡೆದಿತ್ತು. ಕಂದಾಯ ವಸೂಲಿಗೆ ಬಂದ ಶಾನುಭೋಗ, ಪಟೇಲರ ಕೈಯಿಂದ ಊರಿನವರು ಲೆಕ್ಕದ ಪುಸ್ತಕಗಳನ್ನು ಕಿತ್ತುಕೊಂಡಿದ್ದರು. ನನ್ನನ್ನು ಹಿಡಿದು ನಿಲ್ಲಿಸಿದ್ದು ಇದು. ಈಸೂರಿನ ಬಂಡಾಯ ಮೊದಲು ಕೈಹಾಕಿದ್ದು ಆಯುಧಕ್ಕಲ್ಲ, ಲೆಕ್ಕದ ಪುಸ್ತಕಕ್ಕೆ! ನಮ್ಮ ಬೆವರಿನ ಹಣವನ್ನು ಕಂದಾಯವಾಗಿ ಕೊಡುವುದಿಲ್ಲ ಅನ್ನುವ ಹಠಕ್ಕೆ ಇಡೀ ಊರೇ ಬೆಲೆ ತೆತ್ತಿತು. ಅದೇ ನೆಲದ ಮೇಲೆ ಈಗ ಸರ್ಕಾರವೇ ತನ್ನ ಲೆಕ್ಕದ ಪುಸ್ತಕವನ್ನು ಬಿಚ್ಚಿ ಹರಡಿದೆ ಅನ್ನುವಾಗ ಮೈ ಜುಮ್ಮೆನ್ನುತ್ತದೆ.

ಇನ್ನೂ ಹಿಂದಕ್ಕೆ ಹೋದರೆ ಮತ್ತೂ ದೊಡ್ಡ ಬೆರಗು ಕಾದಿದೆ. ಇದೇ ಶಿಕಾರಿಪುರ ತಾಲ್ಲೂಕಿನ ತಾಳಗುಂದಕ್ಕೆ ಹೋಗಿ. ಪ್ರಣವೇಶ್ವರ ಗುಡಿಯ ಎದುರು ಒಂದು ಕಲ್ಲುಕಂಬ ನಿಂತಿದೆ. ಐದನೆಯ ಶತಮಾನದ್ದು. ಕದಂಬರ ಮಯೂರಶರ್ಮನ ಕಥೆ ನಮಗೆ ತಿಳಿದದ್ದೇ ಈ ಕಂಬದಿಂದ, ಹಾಗಾಗಿ ಶಾಲೆಯ ಪಾಠದಲ್ಲಿ ಎಲ್ಲರೂ ಇದರ ಹೆಸರು ಓದಿದ್ದೇವೆ. ಆದರೆ ಆ ಕಂಬವನ್ನು ನಿಲ್ಲಿಸಿದ್ದು ಏಕೆ? ಕಾಕುತ್ಸ್ಥವರ್ಮ ಅಲ್ಲಿನ ಶಿವಾಲಯದ ಬಳಿ ಒಂದು ಕೆರೆ ಕಟ್ಟಿಸಿದ. ಆ ಸಂಗತಿಯನ್ನು ಅವನ ಮಗ ಶಾಂತಿವರ್ಮನ ಕಾಲದಲ್ಲಿ ಕುಬ್ಜ ಎಂಬ ಕವಿ ಪದ್ಯ ಕಟ್ಟಿ ಕಲ್ಲಿನಲ್ಲಿ ಬರೆದ. ರಾಜವಂಶದ ಇತಿಹಾಸವೆಲ್ಲ ಕೆರೆಯ ದಾಖಲೆಗೆ ಪೀಠಿಕೆಯಾಗಿ ಬಂದದ್ದು! ಸುಮಾರು ಒಂದೂವರೆ ಸಾವಿರ ವರ್ಷದ ಹಿಂದೆ ಈ ತಾಲ್ಲೂಕಿನಲ್ಲಿ ಒಂದು ನೀರಾವರಿ ಕಾಮಗಾರಿಯ ವಿವರವನ್ನು, ಕಾಮಗಾರಿ ನಡೆದ ಜಾಗದಲ್ಲೇ, ಹೋಗಿ ಬರುವವರೆಲ್ಲ ನೋಡುವಂತೆ ನಿಲ್ಲಿಸಿದ್ದರು.

ಬಿ.ಎಲ್. ರೈಸ್ 1902ರಲ್ಲಿ ಶಿವಮೊಗ್ಗ ಜಿಲ್ಲೆಯ ಶಾಸನಗಳನ್ನು ‘ಎಪಿಗ್ರಾಫಿಯಾ ಕರ್ನಾಟಿಕ’ದ ಏಳನೆಯ ಸಂಪುಟದಲ್ಲಿ ತಂದಾಗ ಈ ಕಂಬಕ್ಕೊಂದು ಸಂಖ್ಯೆ ಕೊಟ್ಟ: ಶಿಕಾರಿಪುರ 176. ತಾಲ್ಲೂಕಿನ ಹೆಸರು, ಮುಂದೊಂದು ಅಂಕಿ. ಇವತ್ತು ಪಂಚಾಯಿತಿಯ ಕಾಮಗಾರಿ ಸಂಕೇತವೂ ಇದೇ ಕ್ರಮದಲ್ಲಿ ನಡೆಯುತ್ತದೆ: ರಾಜ್ಯ, ಜಿಲ್ಲೆ, ತಾಲ್ಲೂಕು, ಪಂಚಾಯಿತಿ, ಕೊನೆಗೆ ಕೆಲಸದ ಅಂಕಿ.

ಪಕ್ಕದ ಬಳ್ಳಿಗಾವಿಯಲ್ಲಂತೂ ಕಾಲಿಟ್ಟ ಕಡೆಯೆಲ್ಲ ಕಲ್ಲಿನ ಲೆಕ್ಕ. ಕೇದಾರೇಶ್ವರ ಗುಡಿಯ ಕೋಡಿಯ ಮಠಕ್ಕೆ 1162ರಲ್ಲಿ ಕಲಚುರಿ ಬಿಜ್ಜಳ ದತ್ತಿ ಬಿಟ್ಟ. ಆ ಕಾಲದ ಶಾಸನ ಮಠದಲ್ಲಿ ಏನೇನು ನಡೆಯುತ್ತಿತ್ತೆಂದು ವಿವರವಾಗಿ ಹೇಳುತ್ತದೆ. ವೇದದ ಪಾಠ, ವ್ಯಾಕರಣದ ಪಾಠ, ದರ್ಶನಗಳ ಪಾಠ. ದೀನರಿಗೆ, ಕುರುಡರಿಗೆ, ಕಿವುಡರಿಗೆ ಅನ್ನ. ರೋಗಿಗಳಿಗೆ ಔಷಧ. ಶಾಲೆ, ದಾಸೋಹ, ಆಸ್ಪತ್ರೆ ಒಂದೇ ಸೂರಿನಡಿ! ಅದಕ್ಕೆ ಬೇಕಾದ ಹಣದ ಮೂಲ ಯಾವುದು ಎಂಬುದೂ ಕಲ್ಲಿನಲ್ಲೇ ಇರುತ್ತಿತ್ತು.

ಈ ದಾನಶಾಸನಗಳ ಕಟ್ಟನ್ನು ಹತ್ತಿರದಿಂದ ನೋಡಿದರೆ ಕಣ್ಣರಳುತ್ತದೆ. ಕೊಟ್ಟವರು ಯಾರು, ಪಡೆದವರು ಯಾರು, ಯಾವ ವರ್ಷ, ಯಾವ ತಿಥಿ, ಯಾವ ವಾರ. ಎಷ್ಟು ಮತ್ತರು ಭೂಮಿ. ಅದನ್ನು ಅಳೆದದ್ದು ಯಾವ ಗಳೆಯಿಂದ ಅನ್ನುವುದನ್ನೂ ಬಿಡುವುದಿಲ್ಲ. ‘ಭೇರುಂಡ ಗಳೆ’ ಎಂಬ ಅಳತೆಕೋಲಿನ ಹೆಸರು ಇಲ್ಲಿನ ಶಾಸನಗಳಲ್ಲಿ ಬರುತ್ತದೆ. ಆಮೇಲೆ ಎಲ್ಲೆ: ಮೂಡಲಿಗೆ ಇಂಥ ಕಲ್ಲು, ತೆಂಕಲಿಗೆ ಇಂಥ ಹಳ್ಳ, ಪಡುವಲಿಗೆ ಇಂಥ ಮರ, ಬಡಗಲಿಗೆ ಇಂಥ ದಾರಿ. ಉಪಗ್ರಹವಿಲ್ಲದ ಕಾಲದಲ್ಲಿ ಒಂದು ದತ್ತಿಯ ಜಾಗವನ್ನು ಭೂಮಿಯ ಮೇಲೆ ಕೂರಿಸಿದ ರೀತಿ ಇದು! ಕೊನೆಗೆ ಶಾಪ. ಇದನ್ನು ಕೆಡಿಸಿದವನಿಗೆ ಗಂಗೆಯ ತಡಿಯಲ್ಲಿ ಗೋವನ್ನು ಕೊಂದ ಪಾಪ ತಟ್ಟಲಿ ಎಂದು. ಲೆಕ್ಕ ತಪ್ಪಿಸುವವನನ್ನು ಹೆದರಿಸಲು ಆಗ ಅವರಿಗೆ ತಿಳಿದ ಅತಿ ದೊಡ್ಡ ದಂಡ ಅದು. ಕಲ್ಲನ್ನು ನೆಡುತ್ತಿದ್ದುದು ಗುಡಿಯ ಅಂಗಳದಲ್ಲಿ, ಕೆರೆಯ ಏರಿಯ ಮೇಲೆ, ಜನ ಸೇರುವ ಕಡೆ. ಬರೆದು ಪೆಟ್ಟಿಗೆಯಲ್ಲಿಟ್ಟರೆ ಅದು ಲೆಕ್ಕವಲ್ಲ ಅನ್ನುವುದು ಈ ಸೀಮೆಗೆ ಅಷ್ಟು ಹಿಂದೆಯೇ ಗೊತ್ತಿತ್ತು.

ಈಗ ಶಿಕಾರಿಪುರದ ಗಡಿ ದಾಟಿ ಹಾವೇರಿ ಜಿಲ್ಲೆಗೆ ಹೋಗೋಣ, ಹಿರೇಕೆರೂರಿನ ಕಡೆಗೆ. ಅಭಿವೃದ್ಧಿ ನೆರವು ಮತ್ತು ನಕ್ಷೆ ಒಂದಕ್ಕೊಂದು ಕೈಹಿಡಿದ ದೊಡ್ಡ ಪ್ರಯೋಗ ನಡೆದದ್ದು ಈ ಭಾಗದಲ್ಲಿ. 2001ರಲ್ಲಿ ವಿಶ್ವಬ್ಯಾಂಕಿನ ನೆರವಿನಿಂದ ‘ಸುಜಲ’ ಜಲಾನಯನ ಯೋಜನೆ ಆರಂಭವಾಯಿತು. ಹಾವೇರಿ, ಧಾರವಾಡ, ಚಿತ್ರದುರ್ಗ, ತುಮಕೂರು, ಕೋಲಾರ, ಈ ಐದು ಜಿಲ್ಲೆಗಳು, 77 ಉಪಜಲಾನಯನಗಳು. ಸಾಲವಾಗಿ ಬಂದ ಹಣ ಹೊಲದಲ್ಲಿ ಬದುವಾಯಿತೋ ಇಲ್ಲವೋ ನೋಡಿ ಹೇಳುವ ಹೊಣೆಯನ್ನು ಹೊರಗಿನ ಸಂಸ್ಥೆಗೆ ಕೊಡಬೇಕಿತ್ತು. ಕೊಟ್ಟದ್ದು ಯಾರಿಗೆ ಗೊತ್ತೇ? ಇಸ್ರೋದ ಅಂಗವಾದ ಆಂಟ್ರಿಕ್ಸ್‌ಗೆ! ರಾಕೆಟ್ ಹಾರಿಸುವವರ ಬಳಗ ರೈತರ ಹೊಲದ ಬದು ನೋಡಲು ಬಂತು.

ಅವರು ಮಾಡಿದ್ದು ಇಷ್ಟು. ಊರಿನ ಗ್ರಾಮನಕ್ಷೆ, ಅಂದರೆ ಸರ್ವೆ ನಂಬರುಗಳ ಗೆರೆಗಳಿರುವ ಹಳೆಯ ಕಂದಾಯ ನಕ್ಷೆಯನ್ನು ಉಪಗ್ರಹ ಚಿತ್ರದ ಮೇಲೆ ಹೊಂದಿಸಿದರು. ಹಾಗಾಗಿ ಚಿತ್ರದಲ್ಲಿ ಕಾಣುವ ಹಸಿರು ಬರೀ ಹಸಿರಾಗಿ ಉಳಿಯಲಿಲ್ಲ, ಇಂಥ ಸರ್ವೆ ನಂಬರಿನ ಹಸಿರಾಯಿತು. ಯೋಜನೆಗೆ ಮುಂಚಿನ ವರ್ಷದ ಚಿತ್ರ, ಆಮೇಲಿನ ವರ್ಷಗಳ ಚಿತ್ರ, ಎರಡನ್ನೂ ಪಕ್ಕಪಕ್ಕ ಇಟ್ಟರೆ ಬೀಳು ಬಿದ್ದಿದ್ದ ನೆಲ ಎಲ್ಲಿ ಉಳುಮೆಗೆ ಬಂತು, ಎಲ್ಲಿ ಬರಲಿಲ್ಲ, ಮುಚ್ಚುಮರೆಯಿಲ್ಲದೆ ಕಾಣುತ್ತಿತ್ತು.

ಆದರೆ ಆಕಾಶದ ಈ ನಕ್ಷೆಗೂ ಮುಂಚೆ ನೆಲದ ಮೇಲೆ ಬರೆದ ನಕ್ಷೆಗಳಿದ್ದವು. ಇಂಥ ಯೋಜನೆ ಹಳ್ಳಿಗೆ ಬಂದಾಗ ಗುಡಿಯ ಮುಂದಿನ ಬಯಲಿನಲ್ಲಿ ಊರಿನವರು ಕೂತು ತಮ್ಮ ಊರನ್ನು ತಾವೇ ಬರೆಯುವ ಪದ್ಧತಿ ಕರ್ನಾಟಕದಲ್ಲಿ ಬೆಳೆದಿತ್ತು. ಮೈರಾಡದಂಥ ಸಂಸ್ಥೆಗಳು 1980ರ ದಶಕದ ಕೊನೆಯಿಂದ ಇದನ್ನು ಹಳ್ಳಿಹಳ್ಳಿಗೆ ಒಯ್ದಿದ್ದವು. ರಂಗೋಲಿ ಪುಡಿಯಿಂದ ದಾರಿ, ಇದ್ದಿಲಿನಿಂದ ಕರಿಮಣ್ಣಿನ ಹೊಲ, ಇಟ್ಟಿಗೆ ಪುಡಿಯಿಂದ ಕೆಮ್ಮಣ್ಣಿನ ಹೊಲ, ಸೊಪ್ಪು ಇಟ್ಟರೆ ತೋಟ, ಕಲ್ಲು ಇಟ್ಟರೆ ಮನೆ. ಓದು ಬಾರದ ಹೆಂಗಸರು ಹಳ್ಳದ ತಿರುವನ್ನು ಎಳೆದ ರೀತಿಗೆ ಎಂಜಿನಿಯರುಗಳು ತಲೆದೂಗಿದ್ದುಂಟು. ಬೇಸಿಗೆಯಲ್ಲಿ ಯಾವ ಬಾವಿ ಮೊದಲು ಬತ್ತುತ್ತದೆ, ಮಳೆ ಬಂದರೆ ಯಾರ ಹೊಲದ ಮಣ್ಣು ಕೊಚ್ಚಿ ಯಾರ ಹೊಲಕ್ಕೆ ಹೋಗುತ್ತದೆ, ಇದನ್ನು ಯಾವ ಉಪಗ್ರಹವೂ ಹೇಳಲಾರದು. ರಂಗೋಲಿಯ ನಕ್ಷೆ ಹೇಳುತ್ತಿತ್ತು.

ಲೋಕದ ಬೇರೆ ಕಡೆಯೂ ಇದೇ ಹುಡುಕಾಟ ನಡೆದಿತ್ತು. 2008ರಲ್ಲಿ ಘಾನಾದ ಆಕ್ರಾದಲ್ಲಿ ಸೇರಿದ ದೇಶಗಳು ನೆರವಿನ ಲೆಕ್ಕವನ್ನು ಒಂದೇ ನಮೂನೆಯಲ್ಲಿ ಬಹಿರಂಗಪಡಿಸುವ ಪ್ರಯತ್ನಕ್ಕೆ ಚಾಲನೆ ಕೊಟ್ಟವು. 2010ರಲ್ಲಿ ವಿಶ್ವಬ್ಯಾಂಕ್ ಏಡ್‌ಡೇಟಾ ಸಂಸ್ಥೆಯ ಜೊತೆ ಸೇರಿ ತನ್ನ ಯೋಜನೆಗಳನ್ನು ನಕ್ಷೆಗೆ ಏರಿಸತೊಡಗಿತು. ಆಫ್ರಿಕಾದ ಪುಟ್ಟ ದೇಶ ಮಲಾವಿ ತನ್ನಲ್ಲಿಗೆ ಬರುವ ಬೇರೆ ಬೇರೆ ದಾನಿಗಳ ಯೋಜನೆಗಳನ್ನೆಲ್ಲ ಒಂದೇ ನಕ್ಷೆಯಲ್ಲಿ ತಂದು ದಾರಿ ತೋರಿಸಿತು. ಆದರೆ ಇವೆಲ್ಲಕ್ಕಿಂತ ನನಗೆ ರೋಮಾಂಚನವಾದದ್ದು ಉಗಾಂಡಾದ ಸಂಗತಿ. 1991ರಿಂದ 1995ರವರೆಗೆ ಅಲ್ಲಿ ಶಾಲೆಗಳಿಗೆಂದು ಸರ್ಕಾರ ಕಳಿಸಿದ ಅನುದಾನದಲ್ಲಿ ಶಾಲೆಗೆ ಮುಟ್ಟಿದ್ದು ಸರಾಸರಿ ಶೇ 13 ಮಾತ್ರ. ಆಮೇಲೆ ಸರ್ಕಾರ ಯಾವ ಜಿಲ್ಲೆಗೆ ಎಷ್ಟು ಕಳಿಸಿದ್ದೇವೆ ಎಂದು ಪತ್ರಿಕೆಗಳಲ್ಲಿ ಹಾಕಿತು, ಶಾಲೆಗಳ ಗೋಡೆಗೆ ಅಂಟಿಸಿತು. 2001ರ ಹೊತ್ತಿಗೆ ಮುಟ್ಟುವ ಪಾಲು ಶೇ 80ರ ಆಸುಪಾಸಿಗೆ ಏರಿತ್ತು. ಇಷ್ಟು ದೊಡ್ಡ ಏರಿಕೆಗೆ ಬೇರೆ ಸುಧಾರಣೆಗಳೂ ಕಾರಣ ಎಂದು ವಾದಿಸಿದ ವಿದ್ವಾಂಸರಿದ್ದಾರೆ, ಅವರ ಮಾತಿನಲ್ಲೂ ಹುರುಳಿದೆ. ಆದರೆ ಪತ್ರಿಕೆಯಲ್ಲಿ ಅಚ್ಚಾದ ಒಂದು ಪಟ್ಟಿ ಎಷ್ಟು ಕೆಲಸ ಮಾಡಬಲ್ಲದು ನೋಡಿ!

ಇಲ್ಲಿ ಒಂದು ಮಾತನ್ನು ನೇರವಾಗಿ ಹೇಳಬೇಕು. ಬಿಂದು ಸುಳ್ಳು ಹೇಳದಿರಬಹುದು, ಬಿಂದು ಇಡುವ ಕೈ ಹೇಳಬಹುದು. 2025ರ ಜುಲೈಯಲ್ಲಿ ಕೇಂದ್ರ ಗ್ರಾಮೀಣಾಭಿವೃದ್ಧಿ ಸಚಿವಾಲಯವೇ ರಾಜ್ಯಗಳಿಗೆ ಪತ್ರ ಬರೆದು, ಉದ್ಯೋಗ ಖಾತ್ರಿಯ ಹಾಜರಾತಿ ಆ್ಯಪ್‌ನಲ್ಲಿ ಕೆಲಸಕ್ಕೆ ಸಂಬಂಧವೇ ಇಲ್ಲದ ಫೋಟೊಗಳು, ಫೋಟೊದ ಫೋಟೊಗಳು ಏರುತ್ತಿವೆ ಎಂದು ಎಚ್ಚರಿಸಿತು. ಹೈದರಾಬಾದಿನಲ್ಲಿ ಕೂತ ಕಂಪ್ಯೂಟರಿಗೆ ಹೂಳೆತ್ತಿದ ಕೆರೆಗೂ ಬರೀ ಅಂಚು ಕೆರೆದ ಕೆರೆಗೂ ವ್ಯತ್ಯಾಸ ಗೊತ್ತಾಗುವುದು ಕಷ್ಟ. ಆ ಕೆರೆಯಲ್ಲಿ ಎಮ್ಮೆ ಮೈ ತೊಳೆಯುವವನಿಗೆ ಒಂದೇ ನೋಟಕ್ಕೆ ಗೊತ್ತಾಗುತ್ತದೆ. ಚರಂಡಿಯ ಫೋಟೊ ಚೆನ್ನಾಗಿರುತ್ತದೆ, ಮಳೆಗಾಲದಲ್ಲಿ ಅದರ ನೀರು ಯಾರ ಮನೆಯ ಹೊಸ್ತಿಲಿಗೆ ಬರುತ್ತದೆ ಅನ್ನುವುದು ಆ ಮನೆಯವಳಿಗೇ ಗೊತ್ತು.

ರಾಜಸ್ಥಾನದ ಕೋಟ್ ಕಿರಾಣಾ ಎಂಬ ಹಳ್ಳಿಯಲ್ಲಿ 1994ರ ಡಿಸೆಂಬರ್ 2ರಂದು ಮಜ್ದೂರ್ ಕಿಸಾನ್ ಶಕ್ತಿ ಸಂಘಟನೆ ಕರೆದ ಮೊದಲ ಜನಸುನವಾಯಿಯಲ್ಲಿ, ಅಂದರೆ ಬಹಿರಂಗ ವಿಚಾರಣೆಯಲ್ಲಿ, ನಡೆದದ್ದೂ ಇದೇ. ಪಂಚಾಯಿತಿಯ ಲೆಕ್ಕವನ್ನು ಜನರ ಮುಂದೆ ಗಟ್ಟಿಯಾಗಿ ಓದಿದರು, ಕೇಳಿದವರು ಎದ್ದು ನಿಜ ಯಾವುದು ಸುಳ್ಳು ಯಾವುದು ಎಂದು ಹೇಳಿದರು. ಮುಂದೆ 2005ರಲ್ಲಿ ದೇಶಕ್ಕೆ ಮಾಹಿತಿ ಹಕ್ಕು ಕಾಯ್ದೆ ಬರುವುದಕ್ಕೆ ಹಾದಿ ಮಾಡಿಕೊಟ್ಟ ಸಭೆಗಳಲ್ಲಿ ಅದು ಮೊದಲನೆಯದು. ಭುವನ್‌ನ ಬಿಂದುಗಳೂ ಹೀಗೆ ಒಬ್ಬರು ಗಟ್ಟಿಯಾಗಿ ಓದುವುದನ್ನು ಕಾಯುತ್ತಿವೆ. ಗ್ರಾಮಸಭೆಯಲ್ಲಿ ಹಿಂದಿನ ಸಾಲಿನಿಂದ ಒಬ್ಬ ಅಜ್ಜಿ ಎದ್ದು, ‘ಪಿಡಿಒ ಸಾಹೇಬ್ರೆ, ನಮ್ಮ ಓಣಿ ಚರಂಡಿ ಅಂತ ಇಲ್ಲಿ ಬರದೈತಲ್ಲ, ಅದು ಎಲ್ಲೈತಿ ಒಂದೀಟು ಬಂದು ತೋರಸ್ರಿ’ ಅಂದರೆ ಸಾಕು. ಆ ಪ್ರಶ್ನೆಗೆ ಉತ್ತರ ಕೊಡದೆ ಯಾವ ಅಧಿಕಾರಿಯೂ ಸಭೆಯಿಂದ ಏಳಲಾರರು.

ಕೇಳಲು ಬೇಕಾದ ಸಲಕರಣೆ ಕನ್ನಡಿಗರ ಕೈಯಲ್ಲೇ ಇದೆ. ರಾಜ್ಯ ದೂರಸಂವೇದಿ ಕೇಂದ್ರದವರು ರೂಪಿಸಿದ ‘ದಿಶಾಂಕ್’ ಆ್ಯಪ್ ಹಾಕಿಕೊಂಡು ಯಾವುದೇ ಹೊಲದಲ್ಲಿ ನಿಂತರೆ ನೀವು ನಿಂತ ಸರ್ವೆ ನಂಬರನ್ನು ಅದೇ ಹೇಳುತ್ತದೆ. ಕಾಲ ಕೆಳಗಿನ ನೆಲ ಯಾವ ನಂಬರಿನದು ಎಂದು ಮೊಬೈಲು ಹೇಳುವುದನ್ನು ಮೊದಲ ಸಲ ಕಂಡ ಯಾರೂ ಅದನ್ನು ಮರೆಯಲಾರರು! ‘ಮಾಹಿತಿ ಕಣಜ’ದಲ್ಲಿ ನಿಮ್ಮ ಪಂಚಾಯಿತಿಯ ಮಟ್ಟದವರೆಗೆ ಇಲಾಖೆಗಳ ಮಾಹಿತಿ ಕನ್ನಡದಲ್ಲೇ ಸಿಗುತ್ತದೆ. ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆಯ ರಸ್ತೆಗಳ ನಕ್ಷೆಯ ದತ್ತಾಂಶವನ್ನು 2022ರಲ್ಲಿ ಎಲ್ಲರಿಗೂ ಮುಕ್ತಗೊಳಿಸಿದ್ದಾರೆ. ಶಿಕಾರಿಪುರದ ಕೆರೆ ತುಂಬಿಸುವ ಉಡುಗಣಿ-ತಾಳಗುಂದ-ಹೊಸೂರು ಏತ ನೀರಾವರಿಯಂಥ ದೊಡ್ಡ ಯೋಜನೆಗಳಿಗೂ ಇದೇ ರೀತಿಯ ನಕ್ಷೆ ಬೇಕು. ಯಾವ ಕೆರೆಗೆ ಯಾವ ತಿಂಗಳು ಎಷ್ಟು ನೀರು ಬಂತು ಅನ್ನುವುದು ಪ್ರತಿ ಕೆರೆಯ ಮೇಲೂ ಒಂದು ಬಿಂದುವಾಗಿ ಕಾಣಬೇಕು.

2025ರ ಡಿಸೆಂಬರ್‌ನಲ್ಲಿ ಸಂಸತ್ತು ಹಳೆಯ ಉದ್ಯೋಗ ಖಾತ್ರಿ ಕಾಯ್ದೆಯ ಜಾಗಕ್ಕೆ ಹೊಸ ಕಾಯ್ದೆಯನ್ನು ಅಂಗೀಕರಿಸಿತು. ಕಾಯ್ದೆ ಬದಲಾಗಲಿ, ಹೆಸರು ಬದಲಾಗಲಿ, ಇಷ್ಟು ವರ್ಷ ಕಾಲ್ನಡಿಗೆಯಲ್ಲಿ ಕೂಡಿಸಿದ ಬಿಂದುಗಳು ಹಳೆಯ ಕಡತವಾಗಿ ಮೂಲೆ ಸೇರಬಾರದು. ಅವು ಹೀಗೇ, ಯಾರು ಬೇಕಾದರೂ ನೋಡುವಂತೆ ಉಳಿಯಬೇಕು, ಹೊಸ ಕಾಮಗಾರಿಗಳಿಗೂ ಕೆಲಸಕ್ಕೆ ಮುಂಚಿನ ಖಾಲಿ ನೆಲದ ಫೋಟೊ ಕಡ್ಡಾಯವಾಗಿ ಇರಬೇಕು ಎಂದು ಪಂಚಾಯಿತಿಗಳು ನಿರ್ಣಯ ಮಾಡಿ ಮೇಲಕ್ಕೆ ಕಳಿಸಬೇಕು. ಈಸೂರು ಪಂಚಾಯಿತಿ ಮೊದಲು ಮಾಡಿದರೆ ಅದರಷ್ಟು ಒಪ್ಪುವ ಕೆಲಸ ಇನ್ನೊಂದಿಲ್ಲ.

ಗ್ರಾಮಸಭೆ ಆರು ತಿಂಗಳಿಗೊಮ್ಮೆಯಾದರೂ ನಡೆಯಲೇಬೇಕೆಂದು ನಮ್ಮ ಪಂಚಾಯತ್ ರಾಜ್ ಕಾಯ್ದೆ ಹೇಳುತ್ತದೆ. ನಿಮ್ಮೂರಿನ ಮುಂದಿನ ಗ್ರಾಮಸಭೆಯ ಹಿಂದಿನ ದಿನ ನಕ್ಷೆ ತೆರೆಯಿರಿ. ನಿಮ್ಮ ಓಣಿಗೆ ಹತ್ತಿರದ ಮೂರು ಬಿಂದುಗಳ ಕಾಮಗಾರಿ ಸಂಖ್ಯೆಯನ್ನು ಚೀಟಿಯಲ್ಲಿ ಬರೆದುಕೊಳ್ಳಿ, ಆ ಜಾಗಕ್ಕೆ ನಡೆದುಹೋಗಿ ನೋಡಿ, ಕಂಡದ್ದನ್ನು ಸಭೆಯಲ್ಲಿ ಎದ್ದು ಹೇಳಿ, ಹೇಳಿದ್ದು ನಡವಳಿ ಪುಸ್ತಕದಲ್ಲಿ ದಾಖಲಾಗುವವರೆಗೆ ಕೂತುಕೊಳ್ಳಬೇಡಿ.